‘ಶರ್ಕರಪಿಷ್ಟ’ ಶಬ್ದದ ಪರಿಶೀಲನೆ

ಇಂಗ್ಲಿಷಿನಲ್ಲಿ ಕಾರ್ಬೋಹೈಡ್ರೇಟ್ ಎನಿಸಿಕೊಳ್ಳುವ ದ್ರವ್ಯವರ್ಗಕ್ಕೆ ಕನ್ನಡದ ಪಠ್ಯಪುಸ್ತಕಗಳಲ್ಲಿ ‘ಶರ್ಕರಪಿಷ್ಟ’ವೆಂಬ ಹೆಸರು ರೂಢವಾಗಿದೆ. ಈ ಶಬ್ದವು ತನ್ನ ಅರ್ಥವನ್ನು ಎಷ್ಟರಮಟ್ಟಿಗೆ ಹೊರಬಲ್ಲುದೆಂಬುದು ಇಲ್ಲಿ ವಿಚಾರಣೀಯ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಬೆಳೆಗಳೇ ಈ ವಿಚಾರಕ್ಕೆ ಬೇಕಾದ ಉದಾಹರಣೆಗಳನ್ನು ಒದಗಿಸುತ್ತವೆ.

‘ಪಿಷ್ಟ’ವು ‘ಪಿಷ್’ ಧಾತುವಿನ ಕ್ತಾಂತರೂಪ. ಅರೆದದ್ದು, ಹಿಟ್ಟು ಎಂದರ್ಥ. ‘ಶರ್ಕರಾ’ ಶಬ್ದಕ್ಕೆ ಹರಳೆಂಬುದು ಮೂಲಾರ್ಥ. ಹರಳುಗಟ್ಟಿದ ಕಬ್ಬಿನ ಸಾರಕ್ಕೆ ಸಾದೃಶ್ಯದಿಂದ ಆ ಹೆಸರು ಬಂದಿತು. ಅದೇ ಕನ್ನಡದಲ್ಲಿ ಸಕ್ಕರೆಯಾಯಿತು. ಗ್ರೀಕರ ಮೂಲಕ ಯೂರೋಪನ್ನು ಸೇರಿ ರಸಾಯನಜ್ಞರ ‘ಸ್ಯಾಕರೈಡ್’ ಸಹ ಆಯಿತು. ಸಮಾಸವನ್ನು ತತ್ಪುರುಷವೆಂದರೆ ‘ಸಕ್ಕರೆಯ ಹಿಟ್ಟು’ ಎಂಬ ಅಪಾರ್ಥವುಂಟಾಗುತ್ತದೆ. ಆದುದರಿಂದ ‘ಸಕ್ಕರೆಯೂ ಹಿಟ್ಟೂ’ ಎಂಬ ದ್ವಂದ್ವವೇ ವಿವಕ್ಷಿತವೆನ್ನಬೇಕು. ಚನ್ನರಾಯಪಟ್ಟಣದ ಸೀಮೆಯ ಕಬ್ಬಿಗೂ ಹಾಸನ, ಅರಕಲಗೂಡುಗಳ ಆಲೂಗಡ್ಡೆಗೂ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.

ದೋಷವು ಮುಂದೆ ತೋರುತ್ತದೆ. ಆಲೂಗಡ್ಡೆಯ ಹಿಟ್ಟೂ ಅದೇ ಗಿಡದ ಕಾಂಡದಲ್ಲಿರುವ ಸೆಲ್ಯುಲೋಸೆಂಬ ನಾರೂ ಗ್ಲೂಕೋಸಿನಿಂದಲೇ ಕಟ್ಟಲ್ಪಟ್ಟಿವೆ. ಘಟಕಗಳ ಬೆಸುಗೆಯ ದಿಕ್ಕು ಬೇರೆಯಾದುದರಿಂದ ಒಂದು ಆಹಾರವಾಗುತ್ತದೆ, ಇನ್ನೊಂದು ಮನುಷ್ಯನಿಗೆ ಜೀರ್ಣವಾಗುವುದಿಲ್ಲ. ಎ ಗುಂಪಿನ ರಕ್ತಕ್ಕೂ ಬಿ ಗುಂಪಿನ ರಕ್ತಕ್ಕೂ ಇರುವ ಭೇದವು ಕೆಂಪುಕಣಗಳ ಮೇಲಣ ಶರ್ಕರಸರಣಿಯ ತುದಿಯ ಒಂದೇ ಘಟಕದ ಭೇದ. ಇವು ಸಿಹಿಯೂ ಅಲ್ಲ, ಹಿಟ್ಟೂ ಅಲ್ಲ. ಇದು ಸ್ಪಷ್ಟವಾದ ಅವ್ಯಾಪ್ತಿ.

ಇಂಥ ಸೂಕ್ಷ್ಮಭೇದಗಳ ಬಲವನ್ನು ಪ್ರಯೋಗದಿಂದ ಸ್ಥಾಪಿಸುವುದರಲ್ಲಿ ಸಂಶ್ಲೇಷಣ ರಸಾಯನಶಾಸ್ತ್ರದ ಪಾತ್ರವು ದೊಡ್ಡದು. ಎಮಿಲ್ ಫಿಷರನು ೧೮೯೦ರಲ್ಲಿ ಗ್ಲೂಕೋಸನ್ನು ಸಂಶ್ಲೇಷಿಸಿದನು. ಕಬ್ಬು ನಿತ್ಯವೂ ಕಟ್ಟುವ ಸಕ್ಕರೆಯನ್ನು ಪ್ರಯೋಗಶಾಲೆಯಲ್ಲಿ ಕಟ್ಟುವುದು ಲೆಮ್ಯೂ, ಹ್ಯೂಬರ್ ಎಂಬವರಿಗೆ ಸಾಧ್ಯವಾದುದು ೧೯೫೩ರಲ್ಲಿ. ಒಂದೊಂದು ಘಟಕದಲ್ಲಿಯೂ ಪರಸ್ಪರ ಸದೃಶವಾದ ಹಲವು ಕೈಗಳಿರುತ್ತವೆ. ಬೇಕಾದ ಒಂದನ್ನುಳಿದು ಮಿಕ್ಕವನ್ನು ಮುಚ್ಚಬೇಕು, ಬೆಸುಗೆಯ ದಿಕ್ಕನ್ನೂ ಕಾಯಬೇಕು. ವಿಳಂಬಕ್ಕೆ ಇದೇ ಕಾರಣ. ಸೋಯಾ ಅವರೆಯ ರೋಗಾಣುವೊಂದರ ಕೋಶಭಿತ್ತಿಯಿಂದ ದೊರೆತ, ಏಳು ಗ್ಲೂಕೋಸ್ ಘಟಕಗಳ ತುಣುಕು ಆ ಗಿಡದ ರಕ್ಷಣೆಯನ್ನು ಎಚ್ಚರಿಸುತ್ತದೆ. ಅದರ ರಚನೆಯು ೧೯೮೪ರಲ್ಲಿ ಸಂಶ್ಲೇಷಣದಿಂದ ದೃಢಪಟ್ಟಿತು. ಹಾಸನದ ಆಲೂಗಡ್ಡೆಯನ್ನು ಕಾಡುವ ಅಂಗಮಾರಿಯ ಜೀವಿಯೂ ಆ ರೋಗಾಣುವಿನ ಕುಲದ್ದೇ. ಶಿಶುಗಳ ಮಿದುಳ್ಪೊರೆಯ ಉರಿಯೂತವನ್ನು ತಡೆಯಲು ಕ್ಯೂಬಾದ ವಿಜ್ಞಾನಿಗಳು ಸಂಶ್ಲೇಷಿತ ಶರ್ಕರಸರಣಿಯಿಂದ ರಚಿಸಿದ ಲಸಿಕೆಯ ವೃತ್ತಾಂತವು ೨೦೦೪ರಲ್ಲಿ ಪ್ರಕಟವಾಯಿತು. ಗಿಡವು ಶತ್ರುವನ್ನು ಗುರುತಿಸುವ ಈ ಸಂಕೇತವನ್ನು ‘ಶರ್ಕರಪಿಷ್ಟ’ವೆಂದು ಕರೆದರೆ ವಿದ್ಯಾರ್ಥಿಯ ಮನಸ್ಸು ಅಡಿಗೆಮನೆಯನ್ನು ಬಿಟ್ಟು ಹೊರಡದು.

ಯೋಗಕ್ಕಿಂತ ರೂಢಿಯೇ ಬಲವತ್ತರ. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ‘ಪಂಕಜ’ವಾಗುವುದಿಲ್ಲವಷ್ಟೆ, ಎಂದು ಪೂರ್ವಪಕ್ಷವು ಏಳಬಹುದು. ಆದರೆ ಅಲ್ಲಿ ರೂಢಿಯು ಅರ್ಥವನ್ನು ಸಂಕೋಚಗೊಳಿಸಿದೆ. ಇಲ್ಲಿ ಅಪೇಕ್ಷಿತವಾದುದು ವಿಸ್ತಾರ. ಅಂಗಾರಕ್ಕೆ ಜಲಸೇರಿದುದೆಂಬ ಅರ್ಥದ ಇಂಗ್ಲಿಷ್ ಹೆಸರೂ ಸದೋಷವೇ ಎಂಬುದು ನಿಜ. ಆದರೂ ಕನ್ನಡದ ಬಾಲಕನಿಗೆ ಅದು ಕೇವಲ ಸಂಜ್ಞೆ. ಅರ್ಥ ಹೊಳೆಯದ ಕಾರಣ ದಾರಿ ತಪ್ಪಿಸದು. ಅರ್ಥ ಹೊಳೆಯುವ ಶಬ್ದವೇ ತಪ್ಪು ದಾರಿಗೆ ಎಳೆಯುವುದು.

ಆಹಾರದ ಪ್ರಸಂಗದಲ್ಲಿ ‘ಶರ್ಕರಪಿಷ್ಟ’ವು ಉಳಿಯಲಿ. ಸಮಗ್ರ ವರ್ಗಕ್ಕೆ ‘ಶರ್ಕರವರ್ಗ’ವೆಂದೂ, ಘಟಕಕ್ಕೆ ‘ಏಕಶರ್ಕರ’, ಸರಣಿಗೆ ‘ಬಹುಶರ್ಕರ’ವೆಂದೂ ವ್ಯವಹರಿಸುವುದು ಯುಕ್ತ. ಸಿಹಿಯಿಲ್ಲದ ವಸ್ತುವಿಗೆ ಶರ್ಕರವೆಂಬ ಹೆಸರು ಹೇಗೆಂಬ ಶಂಕೆಗೆ ಮೂಲಾರ್ಥವೇ ಸಮಾಧಾನ: ಶರ್ಕರೆಯೆಂದರೆ ಮೊದಲು ಹರಳು, ಆಮೇಲೆ ಸಿಹಿ. ಹರಳಿಗೆ ಹರಳು ಕೂಡಿದಂತೆ ಘಟಕಗಳಿಂದ ಕಟ್ಟಲ್ಪಟ್ಟ ವಸ್ತುವಿಗೆ ಅದಕ್ಕಿಂತ ಅನ್ವರ್ಥವಾದ ಹೆಸರು ದುರ್ಲಭ.