ಚುಕ್ಕಾಣಿ: ಅರ್ಥ ಮತ್ತು ಪ್ರಯೋಗ

‘ಅಧಿಕಾರದ ಚುಕ್ಕಾಣಿ ಹಿಡಿ’ ಎಂಬ ನುಡಿಗಟ್ಟು ಕನ್ನಡ ಗದ್ಯದಲ್ಲಿ ಎಷ್ಟು ರೂಢವಾಗಿದೆಯೆಂದರೆ, ಚುಕ್ಕಾಣಿಯು ಹಡಗಿನ ಒಂದು ಅಂಗವೆಂಬುದೇ ಹಿನ್ನೆಲೆಗೆ ಸರಿದಿದೆ. ಹಡಗಿನ ಹಿಂತುದಿಯಲ್ಲಿ ನೀರಿನೊಳಗೆ ಇಳಿದಿದ್ದು, ತಿರುಗಿದಾಗ ಹರಿಯುವ ನೀರಿನ ಒತ್ತಡದಿಂದ ನೌಕೆಯ ದಿಕ್ಕನ್ನು ಬದಲಿಸುವ ಹಲಗೆಯಿದು. ಆಧುನಿಕ ಹಡಗಿನಲ್ಲಿ ಕಾಣುವ ಚಕ್ರವು ಚುಕ್ಕಾಣಿಯಲ್ಲ, ಅದನ್ನು ತಿರುಗಿಸುವ ಸಾಧನ ಮಾತ್ರ. ಚಿತ್ರಕಾರರು ಈ ಭೇದವನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಪದದ ಮೂಲ ಅರಬ್ಬಿಯ ‘ಸುಕ್ಕಾನ್’. ಮರಾಠಿಯ ‘ಸುಕಾಣು’, ತಮಿಳು ಮಲಯಾಳಗಳ ‘ಚುಕ್ಕಾನ್’, ತೆಲುಗಿನ ‘ಚುಕ್ಕಾನಿ’ ಇದರ ಸೋದರ ರೂಪಗಳು. ದ್ರಾವಿಡ ಭಾಷೆಗಳಲ್ಲಿ ಪದಾದಿಯ ಸಕಾರವು ಚಕಾರವಾಗಿರುವುದು ಸ್ಪಷ್ಟ. ಕರಾವಳಿಗೂ ಅರಬ್ಬಿ ಬಲ್ಲ ವರ್ತಕರಿಗೂ ಇದ್ದ ನಂಟು ಹಳೆಯದು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರವ್ಯವಹಾರ ಇದಕ್ಕೆ ಸಾಕ್ಷಿ. ಹಿಂತುದಿಗೆ ಜೋಡಿಸಿದ ಚುಕ್ಕಾಣಿಯ ಸ್ಪಷ್ಟ ರೂಪವು ಅಲ್-ವಾಸಿತಿ 1237ರಲ್ಲಿ ಚಿತ್ರಿಸಿದ ‘ಮಕಾಮಾತ್’ ಹಸ್ತಪ್ರತಿಯಲ್ಲಿದೆ.

ಇಲ್ಲೊಂದು ಕುತೂಹಲದ ಸಂಗತಿಯುಂಟು. ಪಾರಸಿಯ ‘ಸುಕ್ಕಾನಿ’ ಎಂದರೆ ಸಾಧನವಲ್ಲ, ಅದನ್ನು ಹಿಡಿದವನು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು ಇಂಗ್ಲಿಷಿನವರ ‘ಸೀಕನ್ನಿ’ಯನ್ನು ಈ ಅರ್ಥದಲ್ಲಿಯೇ ದಾಖಲಿಸುತ್ತದೆ. ಕನ್ನಡದಲ್ಲಾದರೋ ಇಕಾರಾಂತ ರೂಪವು ಸಾಧನಕ್ಕೆ ಸಂದು, ವ್ಯಕ್ತಿಗೆ ‘ಚುಕ್ಕಾಣಿಗ’ ಎಂದು ಬೇರೊಂದು ಪ್ರತ್ಯಯ ಬೇಕಾಯಿತು. ಅಂತ್ಯದ ಇಕಾರವು ಪಾರಸಿಯ ಪ್ರತ್ಯಯವೇ ಅಥವಾ ದೇಶ್ಯದ ಉಚ್ಚಾರಣೆಗೆ ಒಗ್ಗಿ ಬಂದದ್ದೇ ಎಂಬುದನ್ನು ಈ ಒಂದು ಪದದಿಂದಲೇ ನಿರ್ಣಯಿಸಲಾಗದು.

ಒಳನಾಡಿನ ಕನ್ನಡಕ್ಕೆ ಪರಿಚಿತವಾದ ಜಲವಾಹನ ಹರಿಗೋಲು. ದುಂಡಗಿನ ಈ ಬುಟ್ಟಿದೋಣಿಗೆ ಮುಂದಿಲ್ಲ, ಹಿಂದಿಲ್ಲ. ಆದುದರಿಂದ ಚುಕ್ಕಾಣಿಯೂ ಇಲ್ಲ. ಅದನ್ನು ನಡೆಸುವುದು, ತಿರುಗಿಸುವುದು ಎರಡೂ ಹುಟ್ಟಿನ ಕೆಲಸ. ದಾಸಸಾಹಿತ್ಯದ ರೂಪಕದಲ್ಲಿ ದಾಟಿಸುವವನು ‘ಅಂಬಿಗ’ನಾಗಿರುವುದು ಈ ಅನುಭವಕ್ಕೆ ಸಹಜವಾಗಿ ಹೊಂದುತ್ತದೆ. ಸಂಸ್ಕೃತದ ‘ಕರ್ಣಧಾರ’ವೂ ವ್ಯಕ್ತಿವಾಚಕವೇ, ಅಲ್ಲಿ ‘ಕರ್ಣ’ವೆಂದರೆ ಚುಕ್ಕಾಣಿಯೆಂಬುದು ಮರೆತು, ಇಂದಿನ ಓದುಗನಿಗೆ ಕಿವಿಯೊಂದೇ ನೆನಪಾಗುತ್ತದೆ. ಹೀಗೆ ಹಿಂದಿನ ರೂಪಕಗಳು ನಡೆಸುವವನನ್ನು ಮುಂದಿಟ್ಟರೆ, ಪತ್ರಿಕಾಗದ್ಯದ ‘ಚುಕ್ಕಾಣಿ’ ಸಾಧನವನ್ನು ಮುಂದಿಟ್ಟಿತು. ಅಲ್ಲಿಂದ ಅದು ಸ್ವತ್ತಾಗಲು ತಡವಾಗಲಿಲ್ಲ.

ಈಗಿನ ಬಳಕೆಯಲ್ಲಿ ಚುಕ್ಕಾಣಿಯನ್ನು ‘ಹಿಡಿಯುತ್ತಾರೆ’, ‘ಕಸಿದುಕೊಳ್ಳುತ್ತಾರೆ’, ‘ಬಿಟ್ಟುಕೊಡುತ್ತಾರೆ’. ‘ತಿರುಗಿಸಿದರು’ ಎಂಬುದು ವಿರಳ. ಕ್ರಿಯಾಪದಗಳ ಮಟ್ಟಿಗೆ ಅದು ಗದ್ದುಗೆಯ ಪರ್ಯಾಯಪದವೇ ಆಗಿದೆ. ‘ಚುಕ್ಕಾಣಿಯ ಮೇಲೆ ಕುಳಿತ’ ಎಂದು ಯಾರಾದರೂ ಬರೆದರೆ ಅದು ಈ ಪ್ರವೃತ್ತಿಯ ತಾರ್ಕಿಕ ಮುಂದುವರಿಕೆಯೇ ಸರಿ. ಅರ್ಥವಿಸ್ತಾರವು ದೋಷವಲ್ಲ, ಆದರೆ ಇಲ್ಲಿ ಆಗಿರುವುದು ಸಂಕೋಚ. ನಿಂತ ಹಡಗಿನಲ್ಲಿ ಚುಕ್ಕಾಣಿ ಎಷ್ಟು ತಿರುಗಿಸಿದರೂ ನಿಷ್ಪ್ರಯೋಜಕ. ಚಲನೆಯಿದ್ದಾಗ ಮಾತ್ರ ಅದು ದಿಕ್ಕು ಕೊಡಬಲ್ಲದು. ಆಡಳಿತವನ್ನು ಕುರಿತು ಹೇಳುವಾಗ ಬಹಳ ಉಪಯುಕ್ತವಾಗಬಹುದಾಗಿದ್ದ ಈ ಅಂಶವನ್ನೇ ನುಡಿಗಟ್ಟು ಕೈಬಿಟ್ಟಿದೆ.