ಅಂಕೋಲೆಯ ರೈತನಿಗೆ 1937 ಗೊತ್ತಿರಲಿಲ್ಲ

ಚಾರಿತ್ರಿಕ ಕಥೆಗಳನ್ನು ಹೊಸದಾಗಿ ಓದತೊಡಗಿದವರು ಮೊದಲು ಮೆಚ್ಚುವುದು ವೇಷವನ್ನು: ಗಾಂಧಿ ಟೋಪಿ, ಲಾಟೀನು, ಎತ್ತಿನ ಗಾಡಿ, ಪೊಲೀಸರ ಲಾಠಿ. ಇಷ್ಟೇ ಸಾಕೆನ್ನುವುದಾದರೆ ಕಥೆಗಾರನಾಗ ಹೊರಟವನು ಇತಿಹಾಸ ಓದುವ ಶ್ರಮ ಪಡಬೇಕಿಲ್ಲ, ಹಳೆಯ ಫೋಟೋಗಳನ್ನು ನೋಡಿದರಾಯಿತು. ಇತಿಹಾಸದಿಂದ ಕಥೆ ಪಡೆಯಬೇಕಾದದ್ದು ಮನುಷ್ಯನ ನಿರ್ಧಾರದ ಸುತ್ತಲಿನ ಒತ್ತಡವನ್ನು. ಅವನ ಮುಂದೆ ಯಾವ ದಾರಿಗಳಿದ್ದವು, ಯಾವುದನ್ನು ಆರಿಸಿಕೊಂಡರೆ ಏನು ಕೈತಪ್ಪುತ್ತಿತ್ತು, ಮುಂದಿನದರಲ್ಲಿ ಅವನಿಗೆ ಏನು ತಿಳಿದಿರಲಿಲ್ಲ ಎಂದು ಕೇಳುತ್ತ ಓದುವವನಿಗೆ ಕಥೆಯ ರಸ ದಕ್ಕುತ್ತದೆ. ಬರೆಯುವವನಿಗೂ ಇದೇ ಪಾಠ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯನ್ನೇ ತೆಗೆದುಕೊಳ್ಳಿ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. 1932ರಲ್ಲಿ ಕರನಿರಾಕರಣೆ ನಡೆಯಿತು. ಗುಜರಾತಿನ ಕರನಿರಾಕರಣೆಯನ್ನು ನೆನಪಿಸುವ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರಿನಡಿ ಎರಡನ್ನೂ ಒಟ್ಟಿಗೆ ಹೊಗಳುವುದು ರೂಢಿ. ಆದರೆ ಕಥೆಯ ದೃಷ್ಟಿಯಿಂದ ಇವು ಬೇರೆ ಬೇರೆ. ಉಪ್ಪು ಮಾಡಿದವನು ಜೈಲಿಗೆ ಹೋಗುತ್ತಿದ್ದ. ಕಂದಾಯ ಕಟ್ಟದವನ ಮನೆಗೆ ಜಪ್ತಿ ಬರುತ್ತಿತ್ತು: ದನಕರು, ಪಾತ್ರೆಪಗಡ, ಕಡೆಗೆ ಗದ್ದೆ. ಗಂಡಸಿನ ಪ್ರತಿಜ್ಞೆಗೆ ಇಡೀ ಮನೆ ಬೆಲೆ ತೆರಬೇಕಾಯಿತು. ಅದರ ಜೊತೆಗೆ ಹರಾಜಿನಲ್ಲಿ ಸವಾಲು ಕೂಗುವ ನೆರೆಯವನೂ ಕಥೆಯೊಳಕ್ಕೆ ಬಂದ. ಸಿದ್ದಾಪುರದ ಕಡೆ ಜಪ್ತಿಯ ಸೊತ್ತು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತದ್ದು ಇದೇ ಹೋರಾಟದಲ್ಲಿ. ಹೋರಾಟ ಊರಿಗೂ ಸರಕಾರಕ್ಕೂ ನಡುವಿನದಷ್ಟೇ ಆಗಿರಲಿಲ್ಲ, ಊರೊಳಗೂ ಇತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ, ಕಳೆದುಹೋದ ಜಮೀನುಗಳನ್ನು ಮರಳಿಸುವ ಕಾನೂನಾಯಿತು. ಅದು ಇಂದು ನಮಗೆ ಗೊತ್ತು. 1932ರಲ್ಲಿ ಗದ್ದೆ ಬಿಟ್ಟುಕೊಟ್ಟವನಿಗೆ ಗೊತ್ತಿರಲಿಲ್ಲ. ಆ ಅಜ್ಞಾನವನ್ನು ಪಾತ್ರಕ್ಕೆ ಉಳಿಸಿಕೊಡದ ಕಥೆಗಾರ ಅವನ ಧೈರ್ಯವನ್ನೇ ಕಸಿದುಕೊಳ್ಳುತ್ತಾನೆ. ಕೊನೆಯಲ್ಲಿ ಎಲ್ಲವೂ ಮರಳಿ ಸಿಗುವುದೆಂದು ತಿಳಿದವನ ತ್ಯಾಗಕ್ಕೆ ತೂಕವೆಲ್ಲಿಯದು?

ಇನ್ನೊಂದು ಪ್ರಶ್ನೆಯನ್ನೂ ಕೇಳಿ ಓದಬೇಕು: ಈ ಚಿತ್ರದ ಹೊರಗೆ ಯಾರು ನಿಂತಿದ್ದಾರೆ? ಸರಕಾರ ಕಂದಾಯ ಕೇಳುತ್ತಿದ್ದುದು ದಫ್ತರಿನಲ್ಲಿ ಹೆಸರಿದ್ದ ಖಾತೆದಾರನನ್ನು. ಗೇಣಿಗೆ ಉಳುವವನ ಹೆಸರು ಅಲ್ಲಿರಲಿಲ್ಲ. ಅವನು ಗೇಣಿ ಕೊಡಬೇಕಾದದ್ದು ಒಡೆಯನಿಗೆ. ಅಂಕೋಲೆಯವರೇ ಆದ ಚುಟುಕ ಕವಿ ದಿನಕರ ದೇಸಾಯಿಯವರು ಮುಂದೆ ಗೇಣಿದಾರರನ್ನು ಸಂಘಟಿಸಿ, ಜಿಲ್ಲೆಯಿಂದ ಗಡಿಪಾರಾದದ್ದನ್ನು ನೆನೆದರೆ ಸತ್ಯಾಗ್ರಹದ ಕಥೆಗೆ ಎರಡನೆಯ ಮಗ್ಗುಲು ಕಾಣುತ್ತದೆ. ಇದರಿಂದ ಸತ್ಯಾಗ್ರಹಿ ಸಣ್ಣವನಾಗುವುದಿಲ್ಲ. ಅವನು ಸ್ಮಾರಕದ ಕಲ್ಲಿನಿಂದ ಇಳಿದು ಮನುಷ್ಯನಾಗುತ್ತಾನೆ.

ಆಕ್ಷೇಪಗಳಿವೆ. ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದಾಗ ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದರು. ಅದಕ್ಕೆ ಕಾರವಾರದ ಇತಿಹಾಸ ಬೇಕಾಗಲಿಲ್ಲವಲ್ಲ ಎನ್ನಬಹುದು. ನಿಜ, ಆದರೆ ಆ ನಾಟಕ ಸಂನ್ಯಾಸಿಯೊಬ್ಬನ ಒಳತೋಟಿಯದು, ಕಾರವಾರದ ಕಥೆಯೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಒಂದು ಕಾಲ, ಒಂದು ಊರು ತನ್ನದೆಂದು ಹೇಳುವ ಕಥೆಗೆ ಮಾತ್ರ ಆ ಋಣವಿದೆ. ಅಂಥ ಕಥೆಯಲ್ಲಿ 1932ರ ಅಂಕೋಲೆಯವನು ಮೈಸೂರು ಮಹಾರಾಜರಿಗೆ ಮೊರೆಯಿಡಲಾರ; 1862ರಿಂದ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಾಲೆಯ ಮೆಟ್ಟಿಲು ಹತ್ತದ ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಯಾವ ಇತಿಹಾಸ ಓದಿ ಅಷ್ಟೊಂದು ಹಾಡು ಕಟ್ಟಿಕೊಂಡಿದ್ದರು ಎಂಬುದು ಇನ್ನೊಂದು, ಹೆಚ್ಚು ಗಟ್ಟಿಯಾದ ಆಕ್ಷೇಪ. 2017ರಲ್ಲಿ ಪದ್ಮಶ್ರೀ ಪಡೆದ ಅವರಿಗೆ ಹಾಲಕ್ಕಿ ಸಮುದಾಯದ ನೆನಪೇ ಗ್ರಂಥಾಲಯವಾಗಿತ್ತು. ಆ ಹಾಡುಗಳನ್ನು ಅವರು ಕೇಳಿ ಕಲಿತಿದ್ದರು. ಅಂಥ ಕೇಳ್ಮೆಯಿಂದ ಕಡಿದುಹೋದ ನಮ್ಮಂಥವರಿಗೆ ಓದು ಅನಿವಾರ್ಯ. ಓದಿದ್ದೆಲ್ಲ ಕಥೆಯಲ್ಲಿ ಕಾಣಬೇಕೆಂದಿಲ್ಲ. ಪುಟಗಟ್ಟಲೆ ಮಾಹಿತಿ ಸುರಿಯುವುದು ಅರಗದ ಓದಿನ ಲಕ್ಷಣ.

ಕಥೆಯೊಂದನ್ನು ಓದಿ ಮುಗಿಸಿದ ಮೇಲೆ ಸರಳವಾದ ಒಂದು ಪರೀಕ್ಷೆ ಮಾಡಿ. ಅದರ ಇಸವಿಯನ್ನೂ ಊರನ್ನೂ ಬದಲಿಸಿ ನೋಡಿ. ಮುಖ್ಯ ಪಾತ್ರದ ನಿರ್ಧಾರ ಕೂದಲೆಳೆಯಷ್ಟೂ ಕದಲದಿದ್ದರೆ ಇತಿಹಾಸ ಅಲ್ಲಿ ಬರೀ ಅಲಂಕಾರ. ಆ ನಿರ್ಧಾರವೇ ಕುಸಿದುಬಿದ್ದರೆ, ಕಥೆಗಾರ ಇತಿಹಾಸವನ್ನು ಅರಗಿಸಿಕೊಂಡಿದ್ದಾನೆ; ಅವನ ಇನ್ನೊಂದು ಕಥೆ ಹುಡುಕಿ ಓದಬಹುದು.