ಚಿಗವ್ವನ ವಹಿ, ಸೆನೆಕಾನ ತಾಯಿ

ಈ ಸಲ ಎಳ್ಳಮಾಸಿಗೆ ಕರಜಗಿಗೆ ಹೋದಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಜೊತೆ ಒಂದು ದಪ್ಪ ಪುಸ್ತಕವೂ ಇತ್ತು. ರಯಾನ್ ಹಾಲಿಡೇ ಮತ್ತು ಸ್ಟೀಫನ್ ಹ್ಯಾನ್ಸಲ್‌ಮನ್ ಅವರ 'ದಿ ಡೈಲಿ ಸ್ಟೋಯಿಕ್ ಜರ್ನಲ್'. 2017ರಲ್ಲಿ ಬಂದದ್ದು, ಅದರ ಹಿಂದಿನ ವರ್ಷ ಬಂದ 'ದಿ ಡೈಲಿ ಸ್ಟೋಯಿಕ್'ಗೆ ಜೋಡಿ. ವಾರಕ್ಕೊಂದು ವಿಷಯ, ದಿನಕ್ಕೊಂದು ಪ್ರಶ್ನೆ, ಪ್ರಶ್ನೆಯ ಕೆಳಗೆ ಬೆಳಿಗ್ಗೆ ಬರೆಯೋಕೆ ಒಂದಷ್ಟು ಗೆರೆ, ರಾತ್ರಿ ಬರೆಯೋಕೆ ಒಂದಷ್ಟು ಗೆರೆ. ನಮ್ಮ ಆಫೀಸಿನಲ್ಲಿ ನಾಲ್ಕು ಹುಡುಗಿಯರ ಡೆಸ್ಕಿನ ಮೇಲೆ ಇದೇ ಪುಸ್ತಕ ಇದೆ. ಒಬ್ಬಳಿಗೆ ಮದುವೆಯಲ್ಲಿ ಉಡುಗೊರೆಯಾಗಿ ಬಂದಿತ್ತಂತೆ. ಕೊಟ್ಟವರು ಏನು ನಿರೀಕ್ಷೆ ಇಟ್ಟುಕೊಂಡು ಕೊಟ್ಟರೋ.

ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಚಿಗವ್ವ ಪಡಸಾಲೆಯಲ್ಲಿ ಕೂತು ಸಂಘದ ವಹಿ ಬರೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ನನ್ನ ಪುಸ್ತಕ ತೆಗೆದೆ.

"ಇದೇನ್ ಲೆಕ್ಕದ ಪುಸ್ತಕೇನವ್ವಾ?" ಅಂದಳು.

ಹೇಳಿದೆ. ನಮ್ಮ ಕೈಯಲ್ಲಿ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ದಿನಾ ಬರೆದು ನೋಡಿಕೊಳ್ಳೋದು. ಕೈಯಲ್ಲಿ ಇಲ್ಲದ್ದಕ್ಕೆ ಸಂಕಟ ಪಡೋದು ಬಿಡಬೇಕು, ಆಗ ಮನಸ್ಸಿಗೆ ಸಮಾಧಾನ. ಚಿಗವ್ವ ಪೆನ್ನು ಕೆಳಗಿಟ್ಟಳು.

"ಮೂರು ವರ್ಷ ಆತು, ಕಣ್ಣು ತೋರಸಾಕ ಕಲಬುರಗಿಗಿ ಹೋಗ್ಬೇಕು ಅಂತ ನಿಮ್ಮ ಕಾಕಾಗ ಹೇಳ್ಲಿಕತ್ತು. ನೋಡೂಣು ಅಂತಾನ. ಇದು ನನ್ನ ಕೈಯಾಗ ಇಲ್ಲದ್ದು ಅಂತ ಬರೀಲೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇಟ್ಟುಕೊಂಡು ಪುಸ್ತಕವನ್ನು ಮತ್ತೆ ಓದಿದೆ, ಅದರ ಹಿಂದಿರುವ ಹಳಬರನ್ನೂ ಓದಿದೆ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಮೊದಲು ಪುಸ್ತಕಕ್ಕೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡುತ್ತೇನೆ. ನನಗೆ ಅದರಿಂದ ಉಪಯೋಗ ಆಗಿದೆ. ರಾತ್ರಿ ಹತ್ತೂವರೆಗೆ ಬರುವ ಮೇಲ್‌ಗೆ ಹನ್ನೊಂದಕ್ಕೆ ಸಿಟ್ಟಿನ ಉತ್ತರ ಬರೆದು, ಬೆಳಗಿನವರೆಗೆ ನಿದ್ದೆಗೆಡುವ ಚಾಳಿ ಹೋಯಿತು. ಮೇಲ್ ಬಂದದ್ದು ಒಂದು, ಅದನ್ನ ನಾನು 'ಅವಮಾನ' ಅಂತ ಕರೆದದ್ದು ಇನ್ನೊಂದು. ಎರಡನ್ನೂ ಬೇರೆ ಬೇರೆ ಗೆರೆಯಲ್ಲಿ ಬರೆದಾಗ ಅರ್ಧ ಕಾವು ಇಳಿಯುತ್ತದೆ. ಇದು ಎಪಿಕ್ಟೆಟಸನ ಪಾಠ. ಅವನು ಗುಲಾಮನಾಗಿ ಹುಟ್ಟಿದವನು. ಅವನ ಕೈಪಿಡಿ ಶುರುವಾಗೋದೇ ಕೆಲವು ಸಂಗತಿ ನಮ್ಮ ಕೈಯಲ್ಲಿವೆ, ಕೆಲವು ಇಲ್ಲ ಅನ್ನುವ ವಿಂಗಡಣೆಯಿಂದ. ಬರೆಯೋದರಿಂದ ಮೈಗೂ ಒಳ್ಳೇದು ಅನ್ನೋದಕ್ಕೆ ಒಂದಿಷ್ಟು ಆಧಾರ ಇದೆ: 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗೆ ತೀರಾ ನೋವಾದ ಘಟನೆಯ ಬಗ್ಗೆ ಬರೆಸಿದರು. ಏನಾಯಿತು ಅನ್ನೋದನ್ನೂ ಏನನ್ನಿಸಿತು ಅನ್ನೋದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋದದ್ದು ಕಡಿಮೆ. ಆಮೇಲೆ ನಡೆದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರೆ ಪರಿಣಾಮ ಸಣ್ಣದು. ಆದರೂ ಇದೆ.

ಆದರೆ ಅದೇ ಪುಸ್ತಕದಲ್ಲಿ ನನ್ನದೇ ಕೈಬರಹ ತಿರುವಿ ಹಾಕಿದಾಗ ಇನ್ನೊಂದು ಕಂಡಿತು. ಎರಡು ತಿಂಗಳಲ್ಲಿ ಒಂಬತ್ತು ಸಲ ಒಂದೇ ವಿಷಯ ಬರೆದಿದ್ದೆ: ಮೀಟಿಂಗಿನ ಟಿಪ್ಪಣಿ ಬರೆಯೋ ಕೆಲಸ ನನಗೇ ಬರುತ್ತೆ, ಮಾತಾಡೋ ಕೆಲಸ ಪಕ್ಕದವನಿಗೆ ಹೋಗುತ್ತೆ. ಒಂಬತ್ತು ಸಲವೂ ಅದರ ಮುಂದೆ 'ನನ್ನ ಕೈಯಲ್ಲಿಲ್ಲ' ಅಂತ ಬರೆದು, ಸಮಾಧಾನ ಮಾಡಿಕೊಂಡು, ದೀಪ ಆರಿಸಿ ಮಲಗಿದ್ದೆ. ಕೇಳಿ ನೋಡಿದ್ದೆನಾ? ಒಂದು ಸಲವೂ ಇಲ್ಲ. ಡೈರಿ ನನ್ನನ್ನ ಶಾಂತವಾಗಿ ಇಟ್ಟಿತ್ತು. ಮ್ಯಾನೇಜರ್ ಕೂಡ ಶಾಂತವಾಗೇ ಇದ್ದರು.

ಈ ದೋಷ ಹೊಸ ಕಾಲದ ಮಾರಾಟಗಾರರು ತಂದದ್ದು ಅಂತ ಮೊದಲು ಅಂದುಕೊಂಡಿದ್ದೆ. ಹಳಬರನ್ನ ಓದಿದ ಮೇಲೆ ಹಾಗನ್ನಿಸಲಿಲ್ಲ. ರಾತ್ರಿ ಕೂತು ದಿನದ ತಪ್ಪು ಒಪ್ಪು ಪರೀಕ್ಷಿಸಿಕೊಳ್ಳುವ ಪದ್ಧತಿಗೆ ಎಲ್ಲರೂ ತೋರಿಸೋದು ಸೆನೆಕಾನನ್ನ. ಸಿಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ಅವನು ಅದನ್ನ ವರ್ಣಿಸುತ್ತಾನೆ: ದೀಪ ತೆಗೆದ ಮೇಲೆ, ತನ್ನ ಅಭ್ಯಾಸ ಗೊತ್ತಿರುವ ಹೆಂಡತಿ ಸುಮ್ಮನಾದ ಮೇಲೆ, ಅವನ ವಿಚಾರಣೆ ಶುರು. ಉಲ್ಲೇಖಿಸುವವರೆಲ್ಲ ಆ ವಿಚಾರಣೆಯ ಬಗ್ಗೆ ಮಾತಾಡುತ್ತಾರೆ. ನನಗೆ ಕಣ್ಣಿಗೆ ಬಿದ್ದದ್ದು ಸುಮ್ಮನಾದ ಹೆಂಡತಿ. ಗಂಡನ ಆತ್ಮಪರೀಕ್ಷೆಗೆ ಬೇಕಾದ ಮೌನವನ್ನ ಅವಳು ಒದಗಿಸುತ್ತಿದ್ದಳು. ಅವಳ ದಿನದ ಲೆಕ್ಕ ಯಾರು ಕೇಳಿದರು? ನಮ್ಮ ಮನೆಗಳಲ್ಲಿ ಆ ಮೌನ ಒಂದರ್ಧ ಗಂಟೆ ಸಿಗಬೇಕಾದರೆ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ನಾಳಿನ ರೊಟ್ಟಿಗೆ ಹಿಟ್ಟು ಇದೆಯೋ ನೋಡಿ, ಎಲ್ಲರೂ ಮಲಗಬೇಕು.

ಮುಸೋನಿಯಸ್ ರೂಫಸ್ ಅಂತ ಒಬ್ಬನಿದ್ದ, ಎಪಿಕ್ಟೆಟಸನ ಗುರು. ಹೆಂಗಸರೂ ತತ್ವಶಾಸ್ತ್ರ ಓದಬೇಕು ಅಂತ ಆ ಕಾಲದಲ್ಲೇ ವಾದ ಮಾಡಿದವನು. ಸ್ಟೋಯಿಕರು ಹೆಣ್ಣಿನ ಪರ ಅಂತ ಹೇಳಬೇಕಾದಾಗ ಇವತ್ತಿನ ಲೇಖನಗಳು ತರೋದು ಇವನ ಹೆಸರನ್ನೇ. ಆ ಉಪನ್ಯಾಸ ಪೂರ್ತಿ ಓದಿ. ಗಂಡಿಗಿರುವ ಬುದ್ಧಿಯೇ ಹೆಣ್ಣಿಗೂ ಇದೆ ಅನ್ನುತ್ತಾನೆ, ಸರಿ. ಓದಿದರೆ ಏನಾಗುತ್ತೆ? ಮನೆ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮಕ್ಕಳಿಗೆ ತನ್ನ ಎದೆಹಾಲೇ ಕುಡಿಸುತ್ತಾಳೆ, ಗಂಡನ ಸೇವೆ ತನ್ನ ಕೈಯಿಂದಲೇ ಮಾಡುತ್ತಾಳೆ, ಬೇರೆಯವರು ಗುಲಾಮರ ಕೆಲಸ ಅಂದುಕೊಳ್ಳುವುದನ್ನೂ ಹಿಂಜರಿಯದೆ ಮಾಡುತ್ತಾಳೆ. ನಮ್ಮ ಕಡೆ ಮಗಳಿಗೆ ಡಿಗ್ರಿ ಮಾಡಿಸಿ, 'ಓದಿದಾಕಿ, ಹೊಂದಿಕೊಂಡು ಹೋಗ್ತಾಳ' ಅಂತ ವರನ ಕಡೆಯವರಿಗೆ ಹೇಳುವ ಹಾಗೇ ಇದೆ.

ಇದನ್ನೆಲ್ಲ ಓದಿ ಪುಸ್ತಕ ಮುಚ್ಚಿ ಇಡಬೇಕು ಅನ್ನಿಸಿದಾಗಲೇ ಹೆಲ್ವಿಯಾ ಸಿಕ್ಕಿದ್ದು. ಕ್ರಿ.ಶ. 41ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಸೆನೆಕಾನನ್ನ ಕಾರ್ಸಿಕಾ ದ್ವೀಪಕ್ಕೆ ಗಡಿಪಾರು ಮಾಡಿದ. ಅಲ್ಲಿಂದ ಅವನು ತಾಯಿ ಹೆಲ್ವಿಯಾಗೆ ಸಾಂತ್ವನದ ಒಂದು ದೀರ್ಘ ಪತ್ರ ಬರೆದ. ಅದರ ನಡುವೆ ಒಂದು ಕಡೆ ಅಪ್ಪನ ಮೇಲೆ ಬೇಸರ ಮಾಡಿಕೊಳ್ಳುತ್ತಾನೆ. ಅಪ್ಪ ಹಳೇ ಕಾಲದ ಕಟ್ಟುನಿಟ್ಟಿನ ಮನುಷ್ಯ, ಹೆಂಡತಿ ತತ್ವಶಾಸ್ತ್ರ ಆಳವಾಗಿ ಕಲಿಯಲು ಬಿಡಲಿಲ್ಲ. ಬಿಟ್ಟಿದ್ದರೆ ಈ ದುಃಖಕ್ಕೆ ಈಗ ಮದ್ದು ಹುಡುಕಬೇಕಿರಲಿಲ್ಲ, ಅದು ನಿನ್ನ ಹತ್ತಿರವೇ ಇರುತ್ತಿತ್ತು ಅಂತ ತಾಯಿಗೆ ಹೇಳುತ್ತಾನೆ. ಅಂದರೆ ಅವಳಿಗೆ ಬುದ್ಧಿ ಕಡಿಮೆ ಇರಲಿಲ್ಲ, ವಿಧಿಯೂ ಅಡ್ಡ ಬಂದಿರಲಿಲ್ಲ. ಹೆಸರು ಹೇಳಬಹುದಾದ ಒಬ್ಬ ಗಂಡಸು ಬೇಡ ಅಂದಿದ್ದ. ಅದನ್ನ ಸೆನೆಕಾ 'ನಿನ್ನ ಕೈಯಲ್ಲಿ ಇಲ್ಲದ್ದು' ಅಂತ ತೇಲಿಸಲಿಲ್ಲ, ಯಾರು ತಡೆದರು ಅಂತ ಬರೆದಿಟ್ಟ. ಈ ಸಂಪ್ರದಾಯದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸಿದ್ದು ಈ ಮಾತೇ. ಜರ್ನಲ್ ಮಾಡುವವರು ಇದರಿಂದ ಒಂದು ಪ್ರಶ್ನೆ ತೆಗೆಯಬಹುದಿತ್ತು.

ಚಿಗವ್ವನ ಕಣ್ಣಿಗೆ ವಾಪಸ್ ಬರುತ್ತೇನೆ. ಮೂರು ವರ್ಷ ಆಗದ್ದು ಯಾಕೆ ಅಂತ ಕೂತು ಕೇಳಿದೆ. ಮೊದಲು ಬಸ್ಸಿನ ದುಡ್ಡು, ದುಡ್ಡಿಗೆ ಕಾಕಾ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಆಧಾರ್ ತೋರಿಸಿದರೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಅವತ್ತಿನಿಂದ ಹುಣ್ಣಿವಿಗೆ ಗಾಣಗಾಪುರಕ್ಕೆ ಓಣಿಯವರ ಜೊತೆ ಹೋಗಿ ಬರುತ್ತಾಳೆ, ಯಾರನ್ನೂ ಕೇಳೋದಿಲ್ಲ. ನೋಡಿ, ಜೂನ್ 10ನೇ ತಾರೀಖಿನವರೆಗೆ ಯಾವುದು ಅವಳ ಕೈಯಲ್ಲಿರಲಿಲ್ಲವೋ ಅದು ಮರುದಿನ ಕೈಗೆ ಬಂತು. ಅವಳ ಮನಸ್ಸೇನೂ ಬದಲಾಗಿರಲಿಲ್ಲ, ಬಸ್ಸಿನ ನಿಯಮ ಬದಲಾಗಿತ್ತು. ನಿಯಮ ಯಾರೋ ಮಾಡುತ್ತಾರೆ, ಯಾರೋ ಕೇಳಿದ್ದಕ್ಕೆ ಮಾಡುತ್ತಾರೆ. ಎಪಿಕ್ಟೆಟಸನ ಗೆರೆ ಒಂದೇ ಕಡೆ ನಿಂತಿರುತ್ತೆ ಅಂದುಕೊಂಡು ಡೈರಿ ಬರೆದರೆ ಇದು ಕಾಣೋದಿಲ್ಲ. ಈಗ ಕಣ್ಣಿನ ವಿಷಯಕ್ಕೆ ಉಳಿದಿರೋದು ಬಸ್ಸಲ್ಲ. ಆಸ್ಪತ್ರೆಗೆ ಜೊತೆಗೆ ಯಾರು ಬರಬೇಕು, ಅವತ್ತು ಎಮ್ಮೆ ಯಾರು ಕಟ್ಟಬೇಕು ಅನ್ನೋದು.

ಹೆಂಗಸರ ಬರಹ ಅಂದರೆ ಒಬ್ಬಳೇ ಬಾಗಿಲು ಹಾಕಿಕೊಂಡು ಬರೆಯೋದು ಅಂತ ಈ ಜರ್ನಲ್‌ಗಳು ಹಿಡಿದುಕೊಂಡಿವೆ. ಮಾರ್ಕಸ್ ಅರೇಲಿಯಸ್ ಹಾಗೆ ಬರೆದ, ಯುದ್ಧದ ಡೇರೆಯಲ್ಲಿ, ತನಗಾಗಿ ಮಾತ್ರ. ಅವನು ಚಕ್ರವರ್ತಿ, ಅವನ ಪುಸ್ತಕ ತೆಗೆದು ಜೋರಾಗಿ ಓದಿ ನಗುವ ಮೈದುನ ಇರಲಿಲ್ಲ. ನಮ್ಮ ಆಯಿ ಕಾಲದಲ್ಲಿ ಬೆಳಗಿನ ಜಾವ ಬೀಸುಕಲ್ಲಿನ ಎದುರು ಇಬ್ಬರು ಕೂಡುತ್ತಿದ್ದರು. ತವರು, ಅತ್ತೆ, ಸತ್ತ ಕೂಸು, ಎಲ್ಲ ಅಲ್ಲಿ ಪದವಾಗಿ ಬರುತ್ತಿತ್ತು. ಕಲ್ಲಿನ ಸದ್ದಿನಲ್ಲಿ ಗಂಡಸರಿಗೆ ಅರ್ಧ ಕೇಳಿಸುತ್ತಿತ್ತು, ಎದುರು ಕೂತವಳಿಗೆ ಪೂರ್ತಿ. ಹಿಟ್ಟಿನ ಗಿರಣಿ ಬಂದಮೇಲೆ ರಟ್ಟೆ ನೋವು ಹೋಯಿತು, ಆ ಪದಗಳೂ ಹೋದವು. ಗಿರಣಿ ಬೇಡಿತ್ತು ಅಂತ ನಾನಂತೂ ಹೇಳೋದಿಲ್ಲ. ಎರಡು ದಿನ ಬೀಸಿದವರು ಯಾರೂ ಹೇಳಲಾರರು.

ಇನ್ನೂ ಹಿಂದಕ್ಕೆ ಹೋದರೆ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅದನ್ನ ಒಳಗೊಳಗೇ ನುಂಗಿಕೊಂಡು 'ಆಸೆ ಅವನದು, ಸಮಾಧಾನ ನನ್ನದು' ಅಂತ ಕೂರಲಿಲ್ಲ. ವಾಪಸ್ ಹಾಕಿ ಬಾ ಅಂತ ಗಂಡನಿಗೇ ಹೇಳಿದಳು. ಸ್ಟೋಯಿಕರು ಹೊಗಳುವ ಮಿತಿ, ಸಂಯಮ ಎರಡೂ ಅಲ್ಲಿವೆ, ಆದರೆ ಮಾತು ಎದುರಿಗಿದ್ದವನಿಗೆ.

ಚಿಗವ್ವ ಬರೆಯುವ ಸಂಘದ ವಹಿಯೂ ಅದೇ ಜಾತಿಯದು ಅಂತ ನನಗನ್ನಿಸುತ್ತೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯಲ್ಲಿ ಅಂಗನವಾಡಿ ಟೀಚರು ಕಟ್ಟಿಸಿದ ಗುಂಪು. ವಾರವಾರ ಉಳಿತಾಯ ಎಷ್ಟು, ಸಾಲ ಯಾರಿಗೆ, ಯಾತಕ್ಕೆ, ಯಾರು ಬಂದಿರಲಿಲ್ಲ. ಒಂದು ಕಡೆ 'ಗಂಡ ಬೇಡ ಅಂದ ಕಾರಣ ಸಭೆಗೆ ಬಂದಿಲ್ಲ' ಅಂತ ಬರೆದು, ಕೆಳಗೆ ಎಲ್ಲರ ಸಹಿ, ನಾಲ್ಕು ಹೆಬ್ಬೆಟ್ಟು. ಕಾರಣ ಬರೆಯೋದು ಕಡ್ಡಾಯ ಏನು ಅಂತ ಕೇಳಿದೆ. "ಬರದಿಟ್ರ ಮುಂದಿನ ವಾರ ಎಲ್ಲಾರೂ ಕೂಡಿ ಅವ್ರ ಮನಿಗಿ ಹೋಗಾಕ ಬರ್ತದಲ್ಲ" ಅಂದಳು.

ಇಷ್ಟಾದ ಮೇಲೂ ಜರ್ನಲ್ ಬಿಸಾಕಿ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಸಿಟ್ಟು ಇಳಿಸಿಕೊಳ್ಳೋಕೆ ಅದು ಒಳ್ಳೆಯದು, ನಾನು ಇನ್ನೂ ಬರೆಯುತ್ತೇನೆ. ಆದರೆ 'ನನ್ನ ಕೈಯಲ್ಲಿಲ್ಲ' ಅಂತ ಬರೆದ ಕಡೆಯೆಲ್ಲ ಈಗ ಪಕ್ಕದಲ್ಲಿ ಯಾರ ಕೈಯಲ್ಲಿದೆ ಅಂತ ಹೆಸರು ಹಾಕುತ್ತೇನೆ. ಮಳೆ, ಮುಪ್ಪು, ಸಾವು ಬಂದಾಗ ಹೆಸರು ಹೊಳೆಯೋದಿಲ್ಲ, ಅಲ್ಲಿ ಮಾರ್ಕಸ್ ಬೇಕು. ಉಳಿದ ಎಷ್ಟೋ ಕಡೆ ಹೆಸರು ಥಟ್ಟನೆ ಬರುತ್ತೆ. ಟಿಪ್ಪಣಿ ಬರೆಯೋ ಕೆಲಸ ಸರದಿ ಪ್ರಕಾರ ಆಗಲಿ ಅಂತ ಹೋದ ತಿಂಗಳು ಕೇಳಿದೆ. ಮ್ಯಾನೇಜರಿಗೆ ಆಶ್ಚರ್ಯ ಆಯಿತು, ಮೊದಲೇ ಹೇಳಬಾರದಿತ್ತಾ ಅಂದರು.

ಹೊರಡುವಾಗ ಖಾಲಿ ಉಳಿದಿದ್ದ ಇನ್ನೊಂದು ಪ್ರತಿಯನ್ನ ಚಿಗವ್ವನಿಗೆ ಕೊಟ್ಟು ಬಂದಿದ್ದೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿವೆ, ಅವಳಿಗೆ ಅದರ ಗೋಜಿಲ್ಲ. ಬೆಳಗಿನ ಗೆರೆಗಳಲ್ಲಿ 'ಕೇಳಿದ್ದು', ರಾತ್ರಿಯ ಗೆರೆಗಳಲ್ಲಿ 'ಕೊಟ್ಟದ್ದು' ಅಂತ ತಾನೇ ತಲೆಬರಹ ಹಾಕಿಕೊಂಡಿದ್ದಾಳೆ. ಸಂಘದ ವಹಿಗಳ ನಡುವೆ ಇಟ್ಟಿರುತ್ತಾಳೆ, ಆ ಗಂಟು ಮನೆಯಲ್ಲಿ ಯಾರೂ ಮುಟ್ಟೋದಿಲ್ಲ. ಮೊನ್ನೆ ಫೋನಿನಲ್ಲಿ ಹೇಳಿದಳು, 'ಕೇಳಿದ್ದು' ತುಂಬುತ್ತಾ ಬಂದಿದೆಯಂತೆ, 'ಕೊಟ್ಟದ್ದು' ಬಹಳ ಖಾಲಿ. ಸೋಮವಾರ ಕಲಬುರಗಿಗೆ ಹೋಗುತ್ತಾಳೆ. ಸಂಘದ ಇಬ್ಬರು ಜೊತೆಗೆ ಬರುತ್ತಾರೆ, ಎಮ್ಮೆ ಕಟ್ಟೋದು ಕಾಕಾ.

"ಅವಗ ಹೇಳೀದಿ?" ಅಂದೆ.

"ಇನ್ನೂ ಇಲ್ಲ. ಬರದೀನಿ."